ಯಹೂದಿ ಸಿಂಡ್ರೆಲ್ಲಾ, ಯಹೂದಿ ಸ್ನೋವೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಯುರೋಪಿನ ಕಿನ್ನರಿ ಕಥೆಗಳನ್ನು ಯಹೂದಿ ಓಣಿಗಳಿಗೆ ತಂದು, ಇತಿಹಾಸದ ಹಿನ್ನೆಲೆಯಲ್ಲಿ ಮತ್ತೆ ಹೇಳುವ ಪ್ರೇಮಕಾದಂಬರಿಗಳು ಈಚೆಗೆ ಇಂಗ್ಲಿಷಿನಲ್ಲಿ ಬರುತ್ತಿವೆ. ಇವುಗಳ ಮಾತು ಬಂದಾಗಲೆಲ್ಲ ಓದುವ ಗೆಳೆಯ ಗೆಳತಿಯರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಸೇರಿಸಿದ್ದೇನೆ.

ಮೊದಲು ಹೇಳಿ, ಇವು ಎಂಥ ಪುಸ್ತಕಗಳು?

ಒಂದು ಉದಾಹರಣೆ ಕೊಟ್ಟರೆ ಸುಲಭ. ಫೆಲಿಷಿಯಾ ಗ್ರಾಸ್‌ಮನ್ ಅವರ ‘ಮ್ಯಾರಿ ಮಿ ಬೈ ಮಿಡ್‌ನೈಟ್’ 2023ರಲ್ಲಿ ಬಂತು. ಅದು ಸಿಂಡ್ರೆಲ್ಲಾ ಕಥೆ, ಆದರೆ ಗಂಡು ಹೆಣ್ಣು ಅದಲು ಬದಲು. ಕಾಲ 1832, ಊರು ಲಂಡನ್. ಇಸಬೆಲ್ ಲೀರಾ ದೊಡ್ಡ ಮನೆತನದ ಹುಡುಗಿ. ಅಪ್ಪ ತೀರಿಹೋದ ಮೇಲೆ ಅವನ ಪಾಲುದಾರರು ಅವಳನ್ನು ವ್ಯಾಪಾರದಿಂದ ಹೊರಗೆ ಹಾಕಲು ನೋಡುತ್ತಾರೆ. ಉಳಿದಿರುವ ದಾರಿ ಒಂದೇ: ಬೇಗ ಮದುವೆಯಾಗಬೇಕು, ಅದೂ ಬಲ ಇರುವವನನ್ನು. ಹಾಗಾಗಿ ಮದುವೆ ವಯಸ್ಸಿನ ಯಹೂದಿ ಗಂಡುಗಳನ್ನೆಲ್ಲ ಕರೆದು ಔತಣದ ಮೇಲೆ ಔತಣ ಏರ್ಪಡಿಸುತ್ತಾಳೆ. ನಮ್ಮ ಬೂದಿಮುಚ್ಚಿದ ಸಿಂಡ್ರೆಲ್ಲಾ ಯಾರು ಅಂದರೆ ಆರನ್ ಎಲೆನ್‌ಬರ್ಗ್. ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, ನೋಡಿಕೊಳ್ಳುವ ಬಡ ಕೆಲಸಗಾರ. ಬಂದ ಗಂಡುಗಳ ಗುಟ್ಟು ತಿಳಿದುಕೊಂಡು ಬಂದು ಹೇಳು, ದುಡ್ಡು ಕೊಡ್ತೀನಿ ಅಂತ ಇಸಬೆಲ್ ಅವನನ್ನು ಗೊತ್ತುಮಾಡುತ್ತಾಳೆ. ಮುಂದೆ ಏನಾಗುತ್ತೆ ಅಂತ ನೀವೇ ಊಹಿಸಬಹುದು.

ಇದೇ ಸರಣಿಯ ಎರಡನೆಯ ಪುಸ್ತಕ, 2024ರ ‘ವೇಕ್ ಮಿ ಮೋಸ್ಟ್ ವಿಕೆಡ್ಲಿ’, ಸ್ನೋವೈಟ್ ಕಥೆಯ ಮರುರೂಪ.

ಪಾತ್ರಗಳಿಗೆ ಯಹೂದಿ ಹೆಸರಿಟ್ಟರೆ ಆಯಿತಾ? ಬೇರೆ ಏನು ವ್ಯತ್ಯಾಸ?

ಬರೀ ಹೆಸರು ಬದಲಿಸಿದ ಪುಸ್ತಕಗಳೂ ಇರಬಹುದು. ನಾನು ಮೆಚ್ಚುವುದು ಯಹೂದಿ ಬದುಕಿನ ಕಟ್ಟಳೆಗಳೇ ಕಥೆಯನ್ನು ತಿರುಗಿಸುವ ಪುಸ್ತಕಗಳನ್ನು.

ಸುಮ್ನೆ ಯೋಚನೆ ಮಾಡಿ. ಯಹೂದಿ ಪಂಚಾಂಗದಲ್ಲಿ ದಿನ ಶುರುವಾಗುವುದು ನಡುರಾತ್ರಿ ಅಲ್ಲ, ಸೂರ್ಯ ಮುಳುಗಿದಾಗ. ಶುಕ್ರವಾರ ಸಂಜೆ ದೀಪ ಹಚ್ಚಿದರೆ ಶಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಬಂತು. ಆಗಿನಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವ ತನಕ ಬೆಂಕಿ ಹಚ್ಚುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ, ಒಂದಕ್ಷರ ಬರೆಯುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಅರಮನೆಯ ನೃತ್ಯಕೂಟ ಶುಕ್ರವಾರ ರಾತ್ರಿ ಇದ್ದರೆ ಯಹೂದಿ ಸಿಂಡ್ರೆಲ್ಲಾಗೆ ಕುಂಬಳಕಾಯಿ ಗಾಡಿ ಸಿಕ್ಕರೂ ಉಪಯೋಗವಿಲ್ಲ. ಹನ್ನೆರಡರ ಗಂಟೆಗೆ ಹೆದರುವ ಹುಡುಗಿಗೂ ಮುಳುಗುವ ಸೂರ್ಯನನ್ನು ನೋಡಿ ಮನೆಗೆ ಓಡುವ ಹುಡುಗಿಗೂ ಬದುಕೇ ಬೇರೆ.

ಮದುವೆಯ ವಿಷಯಕ್ಕೆ ಬಂದರೆ ಇನ್ನೂ ಬಿಗಿ. ಪುರೋಹಿತ ವಂಶದವನಾದ ಕೋಹೆನ್ ಗಂಡು ವಿಚ್ಛೇದನ ಆದವಳನ್ನು ಮದುವೆಯಾಗುವಂತಿಲ್ಲ, ಮತಾಂತರವಾಗಿ ಬಂದವಳನ್ನೂ ಆಗುವಂತಿಲ್ಲ. ಇಬ್ಬರು ಯೋಗ್ಯ ಸಾಕ್ಷಿಗಳ ಮುಂದೆ ಮದುವೆಯ ಮಾತು ಹೇಳಿ ಹುಡುಗಿಯ ಕೈಗೆ ಉಂಗುರವನ್ನೋ ನಾಣ್ಯವನ್ನೋ ಕೊಟ್ಟು, ಅವಳು ಒಪ್ಪಿ ತೆಗೆದುಕೊಂಡರೆ ಮದುವೆಯ ಕಟ್ಟು ಬಿತ್ತು ಅಂತಲೇ ಲೆಕ್ಕ. ಬಿಡಿಸಿಕೊಳ್ಳಬೇಕಾದರೆ ಗಂಡ ‘ಗೆಟ್’ ಎಂಬ ಬಿಡುಗಡೆ ಪತ್ರ ಕೊಡಬೇಕು. ಗಂಡ ಕಾಣೆಯಾದರೆ, ಅಥವಾ ಹಟಕ್ಕೆ ಬಿದ್ದು ಪತ್ರ ಕೊಡದಿದ್ದರೆ, ಹೆಂಡತಿ ಸಿಕ್ಕಿಹಾಕಿಕೊಂಡ ಹಾಗೆ. ಇಂಥ ಒಂದೊಂದು ನಿಯಮದಲ್ಲೂ ಒಂದು ಕಾದಂಬರಿ ಕೂತಿದೆ. ಮಲತಾಯಿ, ಮಾಟಗಾತಿ ಯಾರೂ ಬೇಕಾಗಿಲ್ಲ.

1832ರ ಲಂಡನ್ನೇ ಯಾಕೆ?

ಇಂಗ್ಲಿಷ್ ಪ್ರೇಮಕಾದಂಬರಿಗಳ ತವರು ಅದೇ ಕಾಲ. ಡ್ಯೂಕ್‌ಗಳು, ಕುದುರೆ ಗಾಡಿಗಳು, ನೃತ್ಯಕೂಟಗಳು. ಆ ಕಾಲದ ಬಗ್ಗೆ ಲೆಕ್ಕವಿಲ್ಲದಷ್ಟು ಪುಸ್ತಕಗಳಿವೆ, ಅವುಗಳಲ್ಲಿ ಯಹೂದಿಗಳೇ ಇಲ್ಲ ಅನ್ನುವ ಹಾಗೆ ಬರೆದುಬಿಟ್ಟಿದ್ದಾರೆ. ಆದರೆ ಅವರು ಅಲ್ಲೇ ಇದ್ದರು.

1290ರಲ್ಲಿ ಒಂದನೇ ಎಡ್ವರ್ಡ್ ಯಹೂದಿಗಳನ್ನು ಇಂಗ್ಲೆಂಡಿನಿಂದ ಓಡಿಸಿದ. 1656ರ ಹೊತ್ತಿಗೆ, ಕ್ರಾಮ್‌ವೆಲ್ ಕಾಲದಲ್ಲಿ, ಅವರು ಮತ್ತೆ ಬಹಿರಂಗವಾಗಿ ನೆಲೆಸುವಂತಾಯಿತು. ಮೊದಲು ಬಂದವರು ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ಡಿಗಳು. ಅವರು ಕಟ್ಟಿದ ಬೆವಿಸ್ ಮಾರ್ಕ್ಸ್ ಸಿನಗಾಗ್ 1701ರಿಂದ ಇವತ್ತಿನವರೆಗೂ ನಡೆಯುತ್ತಿದೆ. ಆಮೇಲೆ ಜರ್ಮನಿ, ಪೋಲೆಂಡ್ ಕಡೆಯಿಂದ ಅಶ್ಕನಾಜಿಗಳು ಬಂದರು. ಅವರಲ್ಲಿ ಬಡವರೇ ಜಾಸ್ತಿ. ಹಳೇ ಬಟ್ಟೆ ಕೊಂಡು ಮಾರುವುದು, ಪೆಟಿಕೋಟ್ ಲೇನ್‌ನ ಬೀದಿ ವ್ಯಾಪಾರ, ಗಿರವಿ ಅಂಗಡಿ. ಡೇನಿಯಲ್ ಮೆಂಡೋಜಾ ಎಂಬ ಯಹೂದಿ ಮುಷ್ಟಿಕಾಳಗದ ವೀರ 1790ರ ದಶಕದಲ್ಲಿ ಇಡೀ ಇಂಗ್ಲೆಂಡಿಗೆ ಚಾಂಪಿಯನ್ ಆಗಿದ್ದ.

1832 ಇನ್ನೊಂದು ಕಾರಣಕ್ಕೆ ಒಳ್ಳೆಯ ಕಾಲ. ಆಗ ಯಹೂದಿ ಶ್ರೀಮಂತರು ಬ್ಯಾಂಕ್ ನಡೆಸಬಹುದಿತ್ತು, ಸರ್ಕಾರಕ್ಕೇ ಸಾಲ ಕೊಡಬಹುದಿತ್ತು, ಆದರೆ ಸಂಸತ್ತಿನಲ್ಲಿ ಕೂರುವಂತಿರಲಿಲ್ಲ. ಕ್ರೈಸ್ತ ಧರ್ಮದ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ಬ್ಯಾಂಕ್ ಮನೆತನದ ಲಯೊನೆಲ್ ಡಿ ರಾಥ್‌ಚೈಲ್ಡ್ 1847ರಲ್ಲೇ ಚುನಾಯಿತನಾದರೂ ಒಳಗೆ ಹೋಗಿ ಕೂತಿದ್ದು 1858ರಲ್ಲಿ. ಬಾಗಿಲು ತೆರೆದಿದೆ, ಆದರೆ ಹೊಸ್ತಿಲು ದಾಟಲು ಬಿಡುತ್ತಿಲ್ಲ. ಕಥೆಗಾರರಿಗೆ ಇದಕ್ಕಿಂತ ಇನ್ನೇನು ಬೇಕು?

ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಯಹೂದಿಗಳು ಇದ್ದರಲ್ವಾ?

ಇದ್ದರು. ಹೇಗಿದ್ದರು ಅನ್ನುವುದೇ ಮುಖ್ಯ.

ವಾಲ್ಟರ್ ಸ್ಕಾಟ್‌ನ ‘ಐವಾನ್ಹೋ’ 1819ರ ಕೊನೆಗೆ ಬಂತು. ಅದರಲ್ಲಿ ರೆಬೆಕಾ ಎಂಬ ಯಹೂದಿ ಹುಡುಗಿ ಇದ್ದಾಳೆ. ಜಾಣೆ, ಧೈರ್ಯವಂತೆ, ವೈದ್ಯ ಗೊತ್ತಿರುವವಳು. ಗಾಯಗೊಂಡ ನಾಯಕನನ್ನು ಉಳಿಸುವವಳು ಅವಳೇ, ಅವನನ್ನು ಪ್ರೀತಿಸುವವಳೂ ಅವಳೇ. ಆದರೆ ಅವನು ಮದುವೆಯಾಗುವುದು ರೊವೀನಾಳನ್ನು. ಕೊನೆಯಲ್ಲಿ ರೆಬೆಕಾ ಬಂದು ರೊವೀನಾಳ ಕೈಗೆ ತನ್ನ ಒಡವೆಯ ಪೆಟ್ಟಿಗೆ ಕೊಟ್ಟು, ಅಪ್ಪನ ಜೊತೆ ಗ್ರನಾಡಾಕ್ಕೆ ಹೊರಟುಹೋಗುತ್ತಾಳೆ. ಆ ಪುಟ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅನ್ಯಾಯ ಆದವಳೇ ಉಡುಗೊರೆ ಕೊಟ್ಟು ಹೋಗಬೇಕಾ?

ಓದುಗರಿಗೂ ಹಾಗೇ ಅನ್ನಿಸಿತ್ತು. ಥ್ಯಾಕರೆ 1850ರಲ್ಲಿ ‘ರೆಬೆಕಾ ಅಂಡ್ ರೊವೀನಾ’ ಅಂತ ಬರೆದು ನಾಯಕ ಐವಾನ್ಹೋಗೂ ರೆಬೆಕಾಗೂ ಮದುವೆ ಮಾಡಿಸಿದ. ಆದರೆ ಅದಕ್ಕೆ ರೆಬೆಕಾ ಕ್ರೈಸ್ತಳಾಗಬೇಕಾಯಿತು. ಅಂದರೆ ಆ ಕಾಲದ ಇಂಗ್ಲಿಷ್ ಕಥೆಗಳಲ್ಲಿ ಯಹೂದಿ ಹೆಣ್ಣಿಗೆ ಎರಡೇ ದಾರಿ: ಪ್ರೀತಿ ಬಿಡು, ಇಲ್ಲ ಧರ್ಮ ಬಿಡು.

ಗಂಡಸರಿಗೆ ಇನ್ನೂ ಕೆಟ್ಟದ್ದು. ಜಾರ್ಜೆಟ್ ಹೇಯರ್ ಅವರ ‘ದ ಗ್ರ್ಯಾಂಡ್ ಸೋಫಿ’ ಈಗಲೂ ತುಂಬಾ ಜನ ಪ್ರೀತಿಯಿಂದ ಓದುವ ಪುಸ್ತಕ. ಅದರಲ್ಲಿ ಬರುವ ಯಹೂದಿ ಲೇವಾದೇವಿಗಾರ ಕೊಳಕು, ಜಿಪುಣ, ನೀಚ. ಹಳೇ ದ್ವೇಷದ ಬೊಂಬೆಯನ್ನು ಹಾಗೇ ಎತ್ತಿ ನಿಲ್ಲಿಸಿದ್ದಾರೆ. ಅದು ಬಂದದ್ದು 1950ರಲ್ಲಿ, ಯುದ್ಧ ಮುಗಿದು ಬರೀ ಐದು ವರ್ಷಕ್ಕೆ.

ಈಗಿನ ಯಹೂದಿ ಪ್ರೇಮಕಾದಂಬರಿಗಳು ಈ ಎರಡಕ್ಕೂ ಉತ್ತರ. ಸುಖಾಂತ್ಯ ಬೇಕಾದರೆ ಮನೆ, ಧರ್ಮ, ಹೆಸರು ಯಾವುದನ್ನೂ ಬಿಡಬೇಕಾಗಿಲ್ಲ ಅನ್ನುವುದೇ ಅವುಗಳ ಹಟ. ನನಗೆ ಈ ಪುಸ್ತಕಗಳು ಇಷ್ಟವಾಗುವುದೂ ಅದಕ್ಕೇ.

ಗ್ರಿಮ್ ಸಹೋದರರ ಕಥೆಗಳಲ್ಲೇ ಯಹೂದಿ ದ್ವೇಷ ಇದೆಯಂತೆ, ನಿಜವಾ?

ನಿಜ. ‘ಮುಳ್ಳುಪೊದೆಯಲ್ಲಿ ಯಹೂದಿ’ ಅಂತ ಒಂದು ಕಥೆ ಇದೆ, ಜರ್ಮನಿಯ ಈ ಅಣ್ಣತಮ್ಮಂದಿರು ಸೇರಿಸಿದ ಜನಪದ ಕಥೆಗಳ ಸಂಗ್ರಹದಲ್ಲಿ 110ನೆಯದು. ಒಬ್ಬ ಆಳಿಗೆ ಒಂದು ಮಾಯದ ಪಿಟೀಲು ಸಿಗುತ್ತದೆ. ಅದನ್ನು ನುಡಿಸಿದರೆ ಕೇಳಿದವರು ಕುಣಿಯಲೇಬೇಕು. ದಾರಿಯಲ್ಲಿ ಸಿಕ್ಕ ಯಹೂದಿಯನ್ನು ಮುಳ್ಳುಪೊದೆಯೊಳಗೆ ಬಿಟ್ಟು ಪಿಟೀಲು ನುಡಿಸುತ್ತಾನೆ. ಬಟ್ಟೆ ಹರಿಯುತ್ತದೆ, ಮೈ ಹರಿಯುತ್ತದೆ, ಹಣದ ಚೀಲ ಕೊಟ್ಟ ಮೇಲೆ ಬಿಡುತ್ತಾನೆ. ದೂರು ಕೊಟ್ಟರೆ, ಕೊನೆಗೆ ಗಲ್ಲಿಗೇರುವವನು ಯಹೂದಿಯೇ. ಮಕ್ಕಳಿಗೆ ಹೇಳುವ ಕಥೆ ಇದು.

ವೆರೋನಿಕಾ ಶಾನೋಸ್ 2014ರಲ್ಲಿ ‘ಅಮಂಗ್ ದ ಥಾರ್ನ್ಸ್’ ಎಂಬ ನೀಳ್ಗತೆ ಬರೆದರು. ಸತ್ತ ಆ ಯಹೂದಿಗೆ ಒಬ್ಬ ಮಗಳಿದ್ದಳು, ಅವಳು ಸೇಡು ತೀರಿಸಿಕೊಳ್ಳಲು ಹೊರಟಳು ಅಂತ ಕಥೆ. ಪ್ರೇಮಕಥೆ ಅಲ್ಲ, ಗಟ್ಟಿ ಮನಸ್ಸಿದ್ದರೆ ಓದಿ.

ಹೀಗಿದ್ದ ಮೇಲೆ ಆ ಕಥೆಗಳನ್ನೇ ಯಾಕೆ ಮತ್ತೆ ಬರೆಯಬೇಕು ಅಂತ ಕೇಳುವವರಿದ್ದಾರೆ. ಕಥೆ ಗ್ರಿಮ್ ಸಹೋದರರ ಸ್ವತ್ತಲ್ಲ. ಜಾಕ್ ಮತ್ತು ಬೀನ್ ಬಳ್ಳಿ, ಮೂರು ಹಂದಿಮರಿಗಳು ಇವತ್ತು ಇಂಗ್ಲಿಷ್ ಮಕ್ಕಳಿಗೆ ಗೊತ್ತಿರುವುದು ಬಹುಮಟ್ಟಿಗೆ ಜೋಸೆಫ್ ಜೇಕಬ್ಸ್ 1890ರಲ್ಲಿ ಸೇರಿಸಿದ ರೂಪದಲ್ಲಿ. ಆತ ಸಿಡ್ನಿಯಲ್ಲಿ ಹುಟ್ಟಿದ ಯಹೂದಿ ವಿದ್ವಾಂಸ. 1892ರಲ್ಲಿ ಭಾರತದ ಕಥೆಗಳ ಸಂಗ್ರಹವನ್ನೂ ತಂದ.

‘ಸ್ಪಿನ್ನಿಂಗ್ ಸಿಲ್ವರ್’ ಈ ಗುಂಪಿಗೆ ಸೇರುತ್ತದಾ?

ಪೂರ್ತಿ ಅಲ್ಲ. ನವೋಮಿ ನೊವಿಕ್ ಅವರ ಈ ಪುಸ್ತಕ (2018) ಮಾಯಾಲೋಕದ ಕಾದಂಬರಿ. ಊರು ಕಲ್ಪನೆಯದು, ಲಿಥುವೇನಿಯಾ ಕಡೆಯ ವಾಸನೆ ಇರುವಂಥದ್ದು. ಪ್ರೀತಿ ಬರುವುದೂ ತುಂಬಾ ತಡವಾಗಿ. ಆದರೂ ಯಾರು ಕೇಳಿದರೂ ನಾನು ಮೊದಲು ಕೈಗಿಡುವುದು ಇದನ್ನೇ.

ಮೂಲ ಕಥೆ ರಂಪಲ್‌ಸ್ಟಿಲ್ಟ್‌ಸ್ಕಿನ್. ಹುಲ್ಲನ್ನು ಚಿನ್ನ ಮಾಡಿಕೊಡುವ ಕುಳ್ಳ, ಅವನ ಹೆಸರು ಊಹಿಸಿದರೆ ಸಾಲ ಮಾಫಿ. ನೊವಿಕ್ ಹೇಳುವುದೇನೆಂದರೆ, ಅದು ಸಾಲ ತೀರಿಸದೆ ತಪ್ಪಿಸಿಕೊಂಡವರು ಕಟ್ಟಿದ ಕಥೆ. ಹಾಗಾದರೆ ಸಾಲ ಕೊಟ್ಟವರ ಕಡೆಯ ಕಥೆ ಏನು?

ಮಿರ್ಯಮ್‌ಳ ಅಪ್ಪ ಲೇವಾದೇವಿಗಾರ, ಆದರೆ ವಸೂಲಿ ಮಾಡಲು ಬಾರದ ಮೃದು ಮನುಷ್ಯ. ಹೆಂಡತಿ ತಂದ ವರದಕ್ಷಿಣೆಯೆಲ್ಲ ಊರವರ ಮನೆಗಳಲ್ಲಿ ಸೇರಿಹೋಗಿದೆ. ಅವರು ಬೆಚ್ಚಗಿದ್ದಾರೆ, ಇವರ ಮನೆಯಲ್ಲಿ ಅಮ್ಮ ಚಳಿಗೆ ಕೆಮ್ಮುತ್ತಾ ಮಲಗಿದ್ದಾಳೆ. ಒಂದು ದಿನ ಮಗಳು ಲೆಕ್ಕದ ಪುಸ್ತಕ ತೆಗೆದುಕೊಂಡು ಮನೆ ಮನೆ ಬಾಗಿಲಿಗೆ ಹೋಗುತ್ತಾಳೆ. ದುಡ್ಡಿಲ್ಲದಿದ್ದರೆ ಕೋಳಿ ಕೊಡಿ, ಬಟ್ಟೆ ಕೊಡಿ, ಕೆಲಸ ಮಾಡಿ ತೀರಿಸಿ. ಬೆಳ್ಳಿಯನ್ನು ಚಿನ್ನ ಮಾಡ್ತಾಳಂತೆ ಎಂಬ ಸುದ್ದಿ ಕಾಡಿನ ಹಿಮರಾಜನ ಕಿವಿಗೆ ಬೀಳುತ್ತದೆ. ಅವನು ಮೊದಲು 6 ಬೆಳ್ಳಿ ನಾಣ್ಯ ಕೊಡುತ್ತಾನೆ, ಆಮೇಲೆ 60, ಆಮೇಲೆ 600. ಮಿರ್ಯಮ್ ಅದನ್ನು ಅಕ್ಕಸಾಲಿಗನ ಹತ್ತಿರ ಒಯ್ದು ಉಂಗುರ, ಕಂಠೀಹಾರ, ಕಿರೀಟ ಮಾಡಿಸಿ ಚಿನ್ನಕ್ಕೆ ಮಾರುತ್ತಾಳೆ. ಆಗಿನ್ನೂ ಮಂತ್ರ ಇಲ್ಲ, ಮಾಟ ಇಲ್ಲ, ಬರೀ ವ್ಯಾಪಾರ. ಯಾವ ಕಸುಬಿನ ಹೆಸರಲ್ಲಿ ಯಹೂದಿಗಳನ್ನು ಶತಮಾನಗಟ್ಟಲೆ ಬೈದರೋ ಅದೇ ಕಸುಬು ಇಲ್ಲಿ ಒಂದು ಹುಡುಗಿಯ ಜಾಣತನ, ಒಂದು ಮನೆಯ ಊಟ, ಅಮ್ಮನ ಔಷಧಿ.

ಈಗ ಕೊನೆ ಹೇಳಿಬಿಡುತ್ತೇನೆ, ಗೊತ್ತಾಗುವುದು ಬೇಡ ಅನ್ನುವವರು ಮುಂದಿನ ಪ್ರಶ್ನೆಗೆ ಹೋಗಿ. ಹಿಮರಾಜನ ಜನಕ್ಕೆ ತಮ್ಮ ನಿಜ ಹೆಸರು ಅಂದರೆ ಪ್ರಾಣ, ಯಾರಿಗೂ ಹೇಳುವುದಿಲ್ಲ. ಆದರೆ ಯಹೂದಿ ಮದುವೆಯಲ್ಲಿ ಕೆಟುಬಾ ಎಂಬ ಕರಾರು ಪತ್ರ ಆಗಬೇಕು, ಅದರಲ್ಲಿ ಸುಳ್ಳು ಹೆಸರು ಬರೆಯುವಂತಿಲ್ಲ. ಮೂಲ ಕಥೆಯಲ್ಲಿ ಹೆಸರು ಕಸಿದುಕೊಂಡು ಕುಳ್ಳನನ್ನು ಸೋಲಿಸುತ್ತಾರೆ. ಇಲ್ಲಿ ಅವನೇ ಒಪ್ಪಿ ಪತ್ರಕ್ಕೆ ಹೆಸರು ಕೊಡುತ್ತಾನೆ. ಅದು ಏನು ಅಂತ ಮಿರ್ಯಮ್ ನಮಗೆ ಹೇಳುವುದಿಲ್ಲ. ಇಷ್ಟು ಅಚ್ಚುಕಟ್ಟಾಗಿ ಒಂದು ಹಳೇ ಕಥೆಯನ್ನು ಮಗುಚಿ ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯಹೂದಿಗಳಲ್ಲಿ ರಾಜಕುಮಾರರು ಎಲ್ಲಿದ್ದರು? ಸಿಂಡ್ರೆಲ್ಲಾ ಯಾರನ್ನು ಮದುವೆಯಾಗಬೇಕು?

ರಾಜರಿರಲಿಲ್ಲ, ಮೇಲು ಕೀಳು ಧಾರಾಳವಾಗಿತ್ತು. ಬೆವಿಸ್ ಮಾರ್ಕ್ಸ್‌ನ ಸೆಫಾರ್ಡಿ ಮನೆತನಗಳು ಅಶ್ಕನಾಜಿಗಳ ಜೊತೆ ಸಂಬಂಧ ಬೆಳೆಸುವುದನ್ನು ಬಹುಕಾಲ ಕೀಳಾಗಿ ಕಂಡವು. ದೇವರು ಒಬ್ಬನೇ, ಗ್ರಂಥ ಒಂದೇ, ಆದರೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಆದರೂ 1812ರಲ್ಲಿ ಲಂಡನ್ನಿನ ಸೆಫಾರ್ಡಿ ಮೋಸೆಸ್ ಮಾಂಟೆಫಿಯೋರೆ ಅಶ್ಕನಾಜಿ ಮನೆಯ ಜೂಡಿತ್ ಕೋಹೆನ್‌ಳನ್ನು ಮದುವೆಯಾದ. ಅವಳ ಅಕ್ಕ ಹನ್ನಾ ನೇಥನ್ ರಾಥ್‌ಚೈಲ್ಡ್‌ನ ಹೆಂಡತಿ. ಮಾಂಟೆಫಿಯೋರೆ ದಂಪತಿಗಳಿಗೆ ಮಕ್ಕಳಾಗಲಿಲ್ಲ, ಆದರೆ ಜೂಡಿತ್ ತೀರಿಕೊಂಡ 1862ರವರೆಗೂ ಬಿಟ್ಟಿರದೆ ಬಾಳಿದರು, ಜೊತೆಯಾಗಿ ಜೆರುಸಲೇಮ್‌ವರೆಗೂ ತಿರುಗಾಡಿದರು. ಜೂಡಿತ್ ಆ ಪ್ರಯಾಣಗಳ ದಿನಚರಿ ಬರೆದಳು. 1846ರಲ್ಲಿ ಹೆಸರಿಲ್ಲದೆ ಬಂದ, ಇಂಗ್ಲಿಷಿನ ಮೊದಲ ಯಹೂದಿ ಅಡುಗೆ ಪುಸ್ತಕವೂ ಅವಳದ್ದೇ ಎನ್ನುತ್ತಾರೆ. ಇವರಿಬ್ಬರ ಮೇಲೇ ಒಂದು ಕಾದಂಬರಿ ಬರಬೇಕು ಅಂತ ನನ್ನ ಆಸೆ.

ಯಹೂದಿ ಹುಡುಗ, ಕ್ರೈಸ್ತ ಹುಡುಗಿ, ಹೀಗೆ ಮದುವೆ ಆಗುತ್ತಿರಲಿಲ್ಲವಾ?

ಆಗುತ್ತಿತ್ತು, ಚರ್ಚಿನಲ್ಲಿ. 1753ರ ಮದುವೆ ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ಚರ್ಚಿನ ಮದುವೆಗೆ ಮಾತ್ರ ಬೆಲೆ. ಯಹೂದಿಗಳಿಗೂ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರಿಗೂ ವಿನಾಯಿತಿ ಇತ್ತು, ಆದರೆ ಗಂಡು ಹೆಣ್ಣು ಇಬ್ಬರೂ ಅದೇ ಧರ್ಮದವರಾಗಿದ್ದರೆ ಮಾತ್ರ. ಲಂಡನ್ನಿನ ಸಿನಗಾಗ್‌ಗಳು ಆಗ ಹೊರಗಿನವರನ್ನು ಮತಾಂತರಿಸಿಕೊಳ್ಳಲು ಹಿಂಜರಿಯುತ್ತಿದ್ದವು. ಹಟ ಹಿಡಿದವರು ಹಾಲೆಂಡಿಗೆ ಹೋಗುತ್ತಿದ್ದರು.

ಯಹೂದಿಗಳಿಗೇ ತಮ್ಮದೇ ಆದ ಸಿಂಡ್ರೆಲ್ಲಾ ಕಥೆ ಇದೆಯಾ?

ಇದೆ. ಪೋಲೆಂಡಿನ ಕಡೆ ಹೇಳುವ ಒಂದು ಕಥೆಯಲ್ಲಿ ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ತನ್ನ ಮೂವರು ಹೆಣ್ಣುಮಕ್ಕಳನ್ನು ಕೇಳುತ್ತಾನೆ, ನನ್ನನ್ನು ಎಷ್ಟು ಪ್ರೀತಿಸುತ್ತೀರಿ ಅಂತ. ಕಿರಿಯವಳು ‘ಮಾಂಸ ಉಪ್ಪನ್ನು ಪ್ರೀತಿಸುವಷ್ಟು’ ಅನ್ನುತ್ತಾಳೆ. ಅಪ್ಪ ಸಿಟ್ಟಿನಿಂದ ಮನೆಯಿಂದ ಹೊರಗೆ ಹಾಕುತ್ತಾನೆ. ಅವಳಿಗೆ ದಾರಿಯಲ್ಲಿ ಸಿಗುವುದು ದೇವತೆಯಲ್ಲ, ಪ್ರವಾದಿ ಎಲೈಜಾ. ಅವಳು ಸೇರುವುದು ಅರಮನೆಯನ್ನಲ್ಲ, ಇನ್ನೊಬ್ಬ ರಬ್ಬಿಯ ಮನೆಯನ್ನು. ಕೊನೆಗೆ ಅಪ್ಪನಿಗೆ ಉಪ್ಪಿಲ್ಲದ ಅಡುಗೆ ಬಡಿಸಿದಾಗ ಅವನಿಗೆ ಮಗಳ ಮಾತು ಅರ್ಥವಾಗುತ್ತದೆ.

ಇಂಥದ್ದು ನಮ್ಮಲ್ಲೂ ಇದೆ. ಎ. ಕೆ. ರಾಮಾನುಜನ್ ‘ಹಂಚಿ’ಯ ಕಥೆಯನ್ನು ಕನ್ನಡದ ಸಿಂಡ್ರೆಲ್ಲಾ ಅಂತ ಜಗತ್ತಿಗೆ ತೋರಿಸಿದರು. ಅಲ್ಲಿ ಗಾಜಿನ ಚಪ್ಪಲಿ ಇಲ್ಲ. ಹುಡುಗಿ ಹಂಚಿನ ಮುಖವಾಡದ ಹಿಂದೆ ಮುಖ ಮುಚ್ಚಿಕೊಂಡು ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕಿರುತ್ತಾಳೆ.

ಎಲ್ಲಾ ಸುಖಾಂತ್ಯವೇ ಅಂದರೆ, ಹಾಲೊಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಕೊಲೆ, ಮರೆತ ಹಾಗಲ್ಲವಾ?

ಈ ಪ್ರಶ್ನೆ ಗಂಭೀರವಾದದ್ದು. ಜೇನ್ ಯೋಲೆನ್ ಅವರ ‘ಬ್ರಯರ್ ರೋಸ್’ (1992) ನಿದ್ರಾಸುಂದರಿಯ ಕಥೆಯನ್ನೇ ಇಟ್ಟುಕೊಂಡು ಪೋಲೆಂಡಿನ ಕೆಲ್ಮ್ನೊ ಸಾವಿನ ಶಿಬಿರಕ್ಕೆ ಹೋಗುತ್ತದೆ. ಅಜ್ಜಿ ಜೀವನವಿಡೀ ಮೊಮ್ಮಕ್ಕಳಿಗೆ ಅದೇ ಕಥೆ ಹೇಳುತ್ತಿದ್ದಳು. ಅವಳು ಸತ್ತ ಮೇಲೆ ಮೊಮ್ಮಗಳು ಹುಡುಕಿಕೊಂಡು ಹೊರಡುತ್ತಾಳೆ. ಪುಸ್ತಕದ ಕೊನೆಗೆ ಯೋಲೆನ್ ನೇರವಾಗಿ ಬರೆಯುತ್ತಾರೆ: ಈ ಸುಖಾಂತ್ಯ ಕಲ್ಪನೆ, ಇತಿಹಾಸ ಅಲ್ಲ. ಕೆಲ್ಮ್ನೊದಿಂದ ಜೀವಂತ ಪಾರಾದ ಹೆಣ್ಣು ಯಾರೂ ತಮಗೆ ಗೊತ್ತಿಲ್ಲ ಎಂದು.

ಅಂಥ ಪುಸ್ತಕಗಳು ಬೇಕೇ ಬೇಕು. ಆದರೆ ಅಂಗಡಿಯಲ್ಲಿ ಸಿಗುವ ಯಹೂದಿ ಕಥೆಗಳೆಲ್ಲ ಸಾವಿನ ಕಥೆಗಳೇ ಆದರೆ, ಬೆಳೆಯುವ ಯಹೂದಿ ಹುಡುಗಿಗೆ ತನ್ನವರು ನಕ್ಕದ್ದು, ಜಗಳವಾಡಿದ್ದು, ಪ್ರೀತಿಸಿದ್ದು ಎಲ್ಲಿ ಸಿಗಬೇಕು? ಸತ್ತವರು ಸಾಯುವ ಮುಂಚೆ ಬದುಕಿದ್ದರಲ್ಲ. ಆ ಬದುಕಿಗೂ ಪುಸ್ತಕ ಬೇಕು.

ಶೃಂಗಾರ ಎಷ್ಟಿರುತ್ತೆ? ಧರ್ಮ ಪಾಲಿಸುವವರ ಕಥೆಯಲ್ಲಿ ಅದು ಹೇಗೆ?

ಗ್ರಾಸ್‌ಮನ್ ಪುಸ್ತಕಗಳಲ್ಲಿ ಧಾರಾಳವಾಗಿದೆ, ಕೋಣೆಯ ಬಾಗಿಲು ಮುಚ್ಚುವುದಿಲ್ಲ. ನೊವಿಕ್ ಪುಸ್ತಕದಲ್ಲಿ ಹಾಗೇನಿಲ್ಲ.

ಧರ್ಮಕ್ಕೂ ಇದಕ್ಕೂ ಅಷ್ಟು ವಿರೋಧ ಇಲ್ಲ. ಯಹೂದಿ ಕಾನೂನಿನಲ್ಲಿ ದಾಂಪತ್ಯ ಸುಖ ಹೆಂಡತಿಯ ಹಕ್ಕು, ಗಂಡನ ಕರ್ತವ್ಯ. ಸುಮಾರು ಕ್ರಿ.ಶ. 200ರಲ್ಲಿ ಸೇರಿಸಿದ ಮಿಷ್ನಾ ಗ್ರಂಥದಲ್ಲಿ ಕಸುಬಿನ ಪ್ರಕಾರ ಲೆಕ್ಕ ಕೊಟ್ಟಿದ್ದಾರೆ. ಕೆಲಸದ ಕಟ್ಟಿಲ್ಲದವನು ದಿನಾ, ಕೂಲಿಯವನು ವಾರಕ್ಕೆ ಎರಡು ಸಲ, ಕತ್ತೆ ಹೊಡೆಯುವವನು ವಾರಕ್ಕೊಮ್ಮೆ, ಒಂಟೆ ಹೊಡೆಯುವವನು 30 ದಿನಕ್ಕೊಮ್ಮೆ, ಹಡಗಿನವನು 6 ತಿಂಗಳಿಗೊಮ್ಮೆ. ಹೆಂಡತಿಯ ಕಡೆಯಿಂದ ಯೋಚಿಸಿದ ಲೆಕ್ಕ ಇದು.

ನಮ್ಮ ಕಡೆಗೆ ಏನಾದರೂ ನಂಟಿದೆಯಾ?

ಒಂದು ನಿಜವಾದ ಕಥೆಯೇ ಇದೆ. ಅಬ್ರಹಾಂ ಬೆನ್ ಯಿಜು ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ. 12ನೇ ಶತಮಾನದಲ್ಲಿ ಹೆಚ್ಚು ಕಡಿಮೆ ಹದಿನೇಳು ವರ್ಷ ನಮ್ಮ ಕರಾವಳಿಯಲ್ಲಿದ್ದ, ಮಂಗಳೂರೇ ಅವನ ಮುಖ್ಯ ನೆಲೆ. 1132ರಲ್ಲಿ ಮಂಗಳೂರಿನಲ್ಲೇ ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡಿಸಿ ಪತ್ರ ಬರೆದುಕೊಟ್ಟ. ಅವಳು ತುಳುನಾಡಿನವಳು. ಅವಳೇ ಅವನ ಹೆಂಡತಿಯಾದಳು, ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರ ಊಹೆ. ಕೈರೋದ ಹಳೇ ಸಿನಗಾಗ್‌ನ ಕಾಗದದ ಕೋಣೆ, ಅಂದರೆ ಗೆನಿಜಾದಲ್ಲಿ, ಅವನ ಕಾಗದಪತ್ರಗಳು ಉಳಿದುಕೊಂಡವು. ಅಮಿತಾವ್ ಘೋಷ್ 1992ರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ನಲ್ಲಿ ಇವನ್ನೆಲ್ಲ ಹಿಂಬಾಲಿಸಿ ಬರೆದಿದ್ದಾರೆ.

1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹೊರಟ. ಆಶು ಜೊತೆಗೆ ಹೋದ ಗುರುತು ಇಲ್ಲ. ತುಳು ಅಥವಾ ಕನ್ನಡ ಬಲ್ಲ ಕಾದಂಬರಿಕಾರರು ಯಾರಾದರೂ ಅವಳ ಕಡೆಯಿಂದ ಇದನ್ನು ಬರೆಯಬೇಕು. ಅವಳ ಊರು, ಭಾಷೆ, ಊಟ ಗೊತ್ತಿರುವವರು ನಾವೇ.

ಯಾವುದರಿಂದ ಶುರು ಮಾಡಲಿ?

ಪ್ರೇಮಕಥೆಯೇ ಬೇಕು, ಸಂಜೆ ಓದಿ ಖುಷಿಪಡಬೇಕು ಅಂದರೆ ‘ಮ್ಯಾರಿ ಮಿ ಬೈ ಮಿಡ್‌ನೈಟ್’. ಮಾಯೆ, ಹಿಮ, ಗಟ್ಟಿ ಹೆಣ್ಣುಗಳು ಇಷ್ಟ ಅಂದರೆ ‘ಸ್ಪಿನ್ನಿಂಗ್ ಸಿಲ್ವರ್’. ಅದರಲ್ಲಿ ಒಂದೊಂದು ಭಾಗ ಒಬ್ಬೊಬ್ಬರು ಹೇಳುತ್ತಾರೆ, ಮೇಲೆ ಹೆಸರೂ ಇರುವುದಿಲ್ಲ, ಹಾಗಾಗಿ ಮೊದಲ 50 ಪುಟ ಸ್ವಲ್ಪ ನಿಧಾನವಾಗಿ ಓದಿ. ಹೈಸ್ಕೂಲ್ ಮಕ್ಕಳಿಗೆ ಇದನ್ನು ಕೊಡಬಹುದು, ಗ್ರಾಸ್‌ಮನ್ ಪುಸ್ತಕಗಳು ದೊಡ್ಡವರಿಗೆ. ಯಹೂದಿ ಆಚರಣೆ ಒಂದೂ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಮದುವೆಯ ಚಪ್ಪರ ‘ಹುಪ್ಪಾ’, ಕರಾರು ‘ಕೆಟುಬಾ’, ಮಡಿ ಸ್ನಾನದ ಕೊಳ ‘ಮಿಕ್ವಾ’, ಮದುವೆ ದಲ್ಲಾಳಿ ‘ಶದ್ಖನ್’. ಇಷ್ಟು ತಿಳಿದಿದ್ದರೆ ಮುಕ್ಕಾಲು ಪಾಲು ತಾನಾಗೇ ಅರ್ಥವಾಗುತ್ತದೆ. ‘ಐವಾನ್ಹೋ’ ಈ ಹಿಂದೆ ಓದಿದ್ದರೆ, ಗ್ರಾಸ್‌ಮನ್ ಪುಸ್ತಕ ಹಿಡಿಯುವ ಮುಂಚೆ ಅದರ ಕೊನೆಯ ಅಧ್ಯಾಯ ಇನ್ನೊಮ್ಮೆ ನೋಡಿ.